ದಿಲ್ಲಿಯ ಮಹಾಒಕ್ಕೂಟವೂ ನಮ್ಮ ಗುಂಡಿಮಗ್ಗವೂ

ಜವಳಿ ಎಂದೊಡನೆ ಅರ್ಥಶಾಸ್ತ್ರದ ಪುಸ್ತಕಗಳಿಗೆ ಮುಂಬಯಿ, ಅಹಮದಾಬಾದು, ಕೊಯಮತ್ತೂರುಗಳ ಗಿರಣಿಗಳು ನೆನಪಾಗುತ್ತವೆ. ನಾಯಕನಹಟ್ಟಿಯ ಕಡೆಯವನಾದ ನನಗೆ ನೆನಪಾಗುವುದು ಹುಣಸೆ ಬೀಜದ ಸರಿಯ ವಾಸನೆ. ನಮ್ಮ ಮನೆಯಲ್ಲಿ ಕುರಿಯುಣ್ಣೆ ಹಿಂಜಿ ನೂಲುವುದು ಅವ್ವನ ಕೆಲಸ. ಹಾಸಿಗೆ ಆ ಸರಿಯನ್ನು ಬಳಿದು, ಬಿಸಿಲಿಗೆ ಒಣಗಿಸಿ, ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುವುದು ತಾತನ ಕೆಲಸ. ಈ ಮನೆಯಿಂದ ಬಿ.ಎ. ತರಗತಿಯವರೆಗೆ ಬಂದವನು ನಾನೊಬ್ಬನೇ. ಆದ್ದರಿಂದ ಉದ್ಯಮ ಸಂಘಗಳ ಪಾಠ ನಡೆದಾಗ ನನ್ನಲ್ಲಿ ಎದ್ದ ಪ್ರಶ್ನೆ ಪರೀಕ್ಷೆಗೆ ಸಂಬಂಧಪಟ್ಟದ್ದಾಗಿರಲಿಲ್ಲ. ದೇಶದ ಜವಳಿಯ ಪರವಾಗಿ ಮಾತನಾಡುವ ಸಂಘದಲ್ಲಿ ತಾತನಿಗೆ ಸ್ಥಾನವೆಲ್ಲಿ?

ಗಿರಣಿಯವರ ಸಂಘಶಕ್ತಿ ಇಂದು ನಿನ್ನೆಯದಲ್ಲ. ದಕ್ಷಿಣ ಭಾರತದ ಗಿರಣಿಗಳ ಸಂಘ 1933ರಲ್ಲೇ ಕೊಯಮತ್ತೂರಿನಲ್ಲಿ ಹುಟ್ಟಿತು. 1958ರಲ್ಲಿ ಹುಟ್ಟಿದ ಭಾರತೀಯ ಹತ್ತಿ ಗಿರಣಿಗಳ ಒಕ್ಕೂಟವು 2005ರಲ್ಲಿ ಭಾರತೀಯ ಜವಳಿ ಉದ್ಯಮ ಮಹಾಒಕ್ಕೂಟವಾಯಿತು. ಹತ್ತಿಯ ಆಮದು ಸುಂಕವಿರಲಿ, ನೂಲಿನ ರಫ್ತಿರಲಿ, ಸರ್ಕಾರದ ಮುಂದೆ ಅಂಕಿ ಅಂಶಗಳ ಸಮೇತ ನಿಲ್ಲುವುದೇ ಇಂಥ ಸಂಘಗಳ ಕಸುಬು. ಅದರ ಫಲವನ್ನು ಅಲ್ಲಗಳೆಯಲಾಗದು. 2022ರ ಜನವರಿ 1ರಿಂದ ಬಟ್ಟೆಯ ಮೇಲಿನ ಜಿ.ಎಸ್.ಟಿ. ಶೇಕಡಾ 5ರಿಂದ 12ಕ್ಕೆ ಏರಬೇಕಾಗಿತ್ತು. ದೇಶದ ಉದ್ದಗಲದ ಜವಳಿ ಸಂಘಗಳು ವಿರೋಧಿಸಿದವು. ಹಿಂದಿನ ದಿನವೇ ಜಿ.ಎಸ್.ಟಿ. ಮಂಡಳಿ ಅದನ್ನು ತಡೆಹಿಡಿಯಿತು.

ಆದರೆ ಗಿರಣಿಯ ಹಿತ, ಮಗ್ಗದ ಹಿತ ಎಲ್ಲ ವೇಳೆಯಲ್ಲೂ ಒಂದೇ ಅಲ್ಲ. ಕೈಮಗ್ಗಕ್ಕೆ ನೂಲು ಲಡಿಯ ರೂಪದಲ್ಲಿ ಬೇಕು. ಆದ್ದರಿಂದ ಗಿರಣಿಗಳು ತಾವು ಮಾರುವ ನೂಲಿನ ಇಂತಿಷ್ಟು ಪಾಲನ್ನು ಲಡಿಯಾಗಿಯೇ ಕೊಡಬೇಕೆಂಬ ಕಟ್ಟಳೆಯುಂಟು. ಗಿರಣಿಯವರಿಗೆ ಅದು ಹೊರೆ. ಶೇಕಡಾ 40 ಇದ್ದ ಆ ಪಾಲು 2019ರಲ್ಲಿ 30ಕ್ಕೆ ಇಳಿಯಿತು.

ಇದನ್ನೆಲ್ಲ ತಾತನಿಗೆ ಓದಿ ಹೇಳಿದೆ. ಗಿರಣಿಯವರ ಮೇಲೆ ಸಿಟ್ಟಾಗುವನೆಂದುಕೊಂಡಿದ್ದೆ. ಅವನೋ, "ಅಲ್ಲಲೇ, ಚಂದಾ ಕೊಟ್ಟೋರ ಮಾತು ಅವರು ಆಡ್ತಾರೆ. ನಾನೇನು ಚಂದಾ ಕೊಟ್ಟಿದೀನಾ?" ಎಂದ. ನಮ್ಮ ಪಠ್ಯಪುಸ್ತಕ ಎರಡು ಪುಟಗಳಲ್ಲಿ ಹೇಳುವುದಕ್ಕಿಂತ ಇದು ಹೆಚ್ಚು ಸ್ಪಷ್ಟವೆಂದು ನನ್ನ ಅಭಿಪ್ರಾಯ. (ಅಧ್ಯಾಪಕರು ಕ್ಷಮಿಸಬೇಕು.)

ಹಾಗಾದರೆ ನಮಗೆ ಏನೂ ಇಲ್ಲವೇ? ಕಾನೂನಿದೆ. 1985ರ ಕೈಮಗ್ಗ ಮೀಸಲಾತಿ ಅಧಿನಿಯಮದ ಪ್ರಕಾರ ಕೆಲವು ವಸ್ತುಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು. ವಿದ್ಯುತ್ ಮಗ್ಗದವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರೂ 1993ರಲ್ಲಿ ಕಾನೂನೇ ಉಳಿಯಿತು. ಮೊದಲು 22 ಇದ್ದ ವಸ್ತುಗಳು ಮುಂದೆ 11ಕ್ಕೆ ಇಳಿದವು. ಆ ಹನ್ನೊಂದರಲ್ಲಿ ಸೀರೆಯೂ ಇದೆ, ಕಂಬಳಿಯೂ ಇದೆ! ಎಂದರೆ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ರೇಷ್ಮೆ ಸೀರೆಯ ಮೊಳಕಾಲ್ಮೂರಿಗೂ ಕಂಬಳಿಯ ಚಳ್ಳಕೆರೆಗೂ ನೆರಳು ಒಂದೇ. ಆದರೂ ಸಂತೆಯಲ್ಲಿ ಪಾಣಿಪತ್ತಿನ ಅಗ್ಗದ ಹೊದಿಕೆಗಳ ರಾಶಿಯ ಪಕ್ಕದಲ್ಲಿ ತಾತನ ಕಂಬಳಿ ಸಂಜೆಯವರೆಗೆ ಮಡಿಕೆ ಬಿಚ್ಚದೆ ಕುಳಿತಿರುತ್ತದೆ. ಕಾನೂನು ಇದ್ದರೆ ಸಾಲದು, ಅದನ್ನು ಕೇಳುವವರು ಬೇಕು. ಸಲಹೆ ಕೊಡಲೆಂದಿದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ 2020ರಲ್ಲಿ ರದ್ದುಮಾಡಲಾಯಿತು. 2019-20ರ ಗಣತಿಯಂತೆ ದೇಶದಲ್ಲಿ ಕೈಮಗ್ಗವನ್ನು ನಂಬಿ ದುಡಿಯುವವರು 35 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಹೆಂಗಸರು. ಇಷ್ಟು ಮಂದಿಗೆ ಗಿರಣಿಯವರಿಗಿರುವಂಥ ಒಂದು ದನಿ ಇಲ್ಲದಿರುವುದು ಸೋಜಿಗವೇ ಸರಿ.

ಮೊಳಕಾಲ್ಮೂರಿನ ನೇಕಾರರೂ ನಮ್ಮ ಕಡೆಯ ಕಂಬಳಿಯವರೂ ಒಂದೇ ಅರ್ಜಿಗೆ ಸಹಿ ಹಾಕಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಅರ್ಜಿ ಬರೆಯಬಲ್ಲವರು ನಮ್ಮ ತರಗತಿಯಲ್ಲೇ ನಾಲ್ಕಾರು ಮಂದಿ ಇದ್ದೇವೆ. ಆದರೆ ಗಿರಣಿಯವರಂತೆ ಲೆಕ್ಕ ಹಿಡಿದು ಮಾತನಾಡಬೇಕಾದರೆ ಮೊದಲು ಲೆಕ್ಕ ಬೇಕು. ಬೇಸಗೆಯ ರಜೆಯಲ್ಲಿ ನಾಯಕನಹಟ್ಟಿಯ ಸುತ್ತಣ ಹಟ್ಟಿಗಳಲ್ಲಿ ಎಷ್ಟು ಮಗ್ಗಗಳು ಇನ್ನೂ ಆಡುತ್ತಿವೆ, ಎಷ್ಟು ಗುಂಡಿಗಳು ಮುಚ್ಚಿಹೋಗಿವೆ ಎಂದು ಎಣಿಸಿ ಬರೆದಿಡಲು ಹೊರಟಿದ್ದೇನೆ. ಮೊಳಕಾಲ್ಮೂರಿನ ಕಡೆಯ ಗೆಳೆಯರು ಯಾರಾದರೂ ಅಲ್ಲಿಯ ಲೆಕ್ಕವನ್ನು ವಹಿಸಿಕೊಳ್ಳುವುದಾದರೆ ಪರೀಕ್ಷೆ ಮುಗಿಯುವುದರೊಳಗೆ ನನಗೆ ತಿಳಿಸಬೇಕು.