ಕಡಲು ಸೇರದ ಮರಳು

ಮಾಸ್ತಿಗೆ ಸಮುದ್ರವಿಲ್ಲ ಎಂದು ಯಾರಾದರೂ ಅಂದರೆ ನಮ್ಮ ಚಿಕ್ಕಪ್ಪ ಒಪ್ಪುವುದಿಲ್ಲ. ‘ಇಲ್ಲಿ ಬಿದ್ದ ಮಳೆ ಎಲ್ಲಿಗ್ ಓಗ್ತೈತೆ? ಸಮುದ್ರಕ್ಕೆ ತಾನೆ? ಅಂದ್ಮೇಲೆ ಅದ್ರಾಗೆ ನಮ್ದೂ ಒಂದು ಪಾಲೈತೆ ಕಣಪ್ಪಾ’ ಎನ್ನುವುದು ಅವರ ವಾದ. ಭೂಗೋಳದವರೂ ಇದನ್ನು ತಳ್ಳಿಹಾಕಲಾರರು. ನಮ್ಮ ಕಡೆಯ ನೀರು ಕೆರೆಯಿಂದ ಕೆರೆಗೆ ಕೋಡಿ ಹರಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಅದು ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ನೀರಿನ ಜತೆ ಮರಳೂ ಹೋಗಬೇಕು ಎನ್ನುವುದೇನೋ ಸರಿ. ಹೊರಟವರೆಲ್ಲ ಊರು ಮುಟ್ಟುತ್ತಾರೆಯೇ?

ಮಾಸ್ತಿ ಎಂದೊಡನೆ ಜನಕ್ಕೆ ಸಣ್ಣ ಕಥೆ ನೆನಪಾಗುತ್ತದೆ. ಮರಳಿನದು ಉದ್ದದ ಕಥೆ, ಯಾರೂ ಕೇಳುವುದಿಲ್ಲ. ಟೇಕಲ್ ಕಡೆಯ ಬಂಡೆಗಳು ಬಿಸಿಲಿಗೆ ಕಾದು ಮಳೆಗೆ ನೆನೆದು ಯುಗಗಟ್ಟಲೆ ಉದುರಿದವು. ಗಟ್ಟಿಯಾದ ಬೆಣಚು ಮರಳಾಗಿ ಉಳಿಯಿತು, ಮಿಕ್ಕದ್ದು ಕೊಳೆತು ಜೇಡಿಯಾಗಿ ಕೆರೆ ಸೇರಿತು. ಆ ಜೇಡಿ ಮಾಲೂರಿನ ಕಾರ್ಖಾನೆಗಳಲ್ಲಿ ಹೆಂಚಾಗಿ ಊರೂರ ಸೂರು ಹತ್ತಿ ದೊಡ್ಡ ಮನುಷ್ಯನಾಯಿತು. ಮರಳು ಪಾಪ ಹಳ್ಳದಲ್ಲೇ ಇತ್ತು.

ಬೇಸಿಗೆಯಲ್ಲಿ ಅಜ್ಜಿ ಆ ಹಳ್ಳದಲ್ಲಿ ಮೊಳದುದ್ದ ಮರಳು ಬಗೆದು ಸುಮ್ಮನೆ ಕೂರುತ್ತಿದ್ದಳು. ಮೊದಲು ತಳದ ಮರಳು ಕಪ್ಪಾಗುತ್ತಿತ್ತು. ಆಮೇಲೆ ಗುಂಡಿಯ ಅಂಚು ಜರಿದು ಬೀಳುತ್ತಿತ್ತು, ಒರತೆ ಜಿನುಗುತ್ತಿತ್ತು. ಬಗ್ಗಡದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಚೆಲ್ಲಿ, ತಿಳಿಯಾದದ್ದನ್ನು ಬಿಂದಿಗೆಗೆ ತುಂಬಲು ಅವಳಿಗೆ ಅರ್ಧ ಗಂಟೆ. ಅಷ್ಟರಲ್ಲಿ ನಾವು ಹುಡುಗರು ಬಸವನಹುಳುವಿನ ಖಾಲಿ ಚಿಪ್ಪುಗಳನ್ನು ಆರಿಸಿ, ಇದು ಶಂಖವೋ ಅಲ್ಲವೋ ಎಂದು ಜಗಳ ಕಾಯುತ್ತಿದ್ದೆವು. ಶಂಖವೇ ಎಂದು ಸಾಧಿಸಿದವನು ಮುಂದೆ ವಕೀಲನಾದ.

ಆ ಮರಳು ಕಡಲೂರಿಗೆ ಹೋಗಲಿಲ್ಲ. ಲಾರಿ ಹತ್ತಿ ವೈಟ್‌ಫೀಲ್ಡಿಗೆ ಹೋಯಿತು. ಹಳ್ಳ ಬರಿದಾದ ಮೇಲೆ ಶುರುವಾದದ್ದು ಫಿಲ್ಟರ್ ಮರಳು. ಕೆರೆಯಂಗಳದ ಮಣ್ಣೋ ಗೋಮಾಳದ ಮಣ್ಣೋ ಗುಂಡಿಗೆ ಸುರಿದು, ಬೋರ್‌ವೆಲ್ ನೀರು ರಭಸವಾಗಿ ಬಿಟ್ಟು ಕಲಕಿದರೆ ಜೇಡಿ ಕದಡಿ ಹರಿದುಹೋಗುತ್ತದೆ, ತಳದಲ್ಲಿ ಮರಳು ನಿಲ್ಲುತ್ತದೆ. ಹೊಳೆ ವರ್ಷಗಟ್ಟಲೆ ಮಾಡುವ ಕೆಲಸ ರಾತ್ರಿ ಬೆಳಗಾಗುವುದರೊಳಗೆ ಮುಗಿಯುತ್ತದೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಸೀಮೆಯಲ್ಲಿ ಮಣ್ಣಿಗೆ ಮಾತ್ರ ಧಾರಾಳ ಅಭ್ಯಂಜನ! ಜೇಡಿ ಪೂರ್ತಿ ಬಿಡದ ಆ ಮರಳಿನ ಗಾರೆ ಬಿರುಕು ಬಿಟ್ಟಾಗ ಮನೆ ಕಟ್ಟಿದವರು ವಾಸ್ತು ನೋಡಿಸಿದರು. ಈಗ ಎಂ-ಸ್ಯಾಂಡ್ ಕಾಲ. ಬಂಡೆಯನ್ನೇ ಕ್ರಷರ್‌ಗೆ ಹಾಕುತ್ತಾರೆ, ಬಿಸಿಲು ಮಳೆಗೆ ಕಾಯುವ ರಗಳೆಯಿಲ್ಲ.

ಲಾರಿಯ ಕಣ್ಣು ತಪ್ಪಿಸಿ ಹೊರಟ ನಾಲ್ಕು ಕಾಳಿಗಾದರೂ ದಾರಿ ಸಲೀಸೇ? ಕೃಷ್ಣಗಿರಿಯಲ್ಲೊಂದು ಅಣೆಕಟ್ಟು, ಸಾತನೂರಿನಲ್ಲೊಂದು. ನೀರು ನಿಂತಲ್ಲಿ ಮರಳು ಕೂತುಬಿಡುತ್ತದೆ. ಅವನ್ನೂ ದಾಟಿ ಕಡಲಿಗೆ ಬಿದ್ದರೆ ಅಲ್ಲಿಯೂ ನೆಮ್ಮದಿಯಿಲ್ಲ. ಅಲೆ ಓರೆಯಾಗಿ ಬಂದು ಮರಳನ್ನು ದಡಕ್ಕೆ ತಳ್ಳುತ್ತದೆ, ನೇರವಾಗಿ ಕೆಳಗೆ ಎಳೆಯುತ್ತದೆ. ಹೀಗೆ ತಳ್ಳಿಸಿಕೊಂಡು ಎಳೆಸಿಕೊಂಡು ಮರಳು ದಡದುದ್ದಕ್ಕೂ ಸರಿಯುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಉತ್ತರಕ್ಕೆ, ಹಿಂಗಾರಿನಲ್ಲಿ ದಕ್ಷಿಣಕ್ಕೆ, ವರ್ಷದ ಲೆಕ್ಕ ತೆಗೆದರೆ ಉತ್ತರಕ್ಕೇ ಹೆಚ್ಚು.

ಕಡಲೂರಿನ ಉತ್ತರಕ್ಕೆ ಪುದುಚೇರಿ. ಅಲ್ಲಿ 1980ರ ದಶಕದಲ್ಲಿ ಬಂದರಿಗೆಂದು ಸಮುದ್ರದೊಳಕ್ಕೆ ಕಲ್ಲಿನ ತಡೆಗೋಡೆ ಹಾಕಿದರು. ಮರಳು ಗೋಡೆಯ ದಕ್ಷಿಣಕ್ಕೆ ಗುಡ್ಡೆ ಬಿತ್ತು. ಊರಿನ ದಡಕ್ಕೆ ಬರುವ ಮರಳು ನಿಂತಿತು, ಇದ್ದದ್ದನ್ನು ಅಲೆ ಹೊತ್ತೊಯ್ಯಿತು, ಬೀಚಿನ ಜಾಗದಲ್ಲಿ ಬಂಡೆಯ ರಾಶಿ ಉಳಿಯಿತು. ಮದರಾಸಿನಲ್ಲಿ ನೂರು ವರ್ಷ ಮೊದಲೇ ಹೀಗಾಗಿತ್ತು. ಬಂದರಿನ ದಕ್ಷಿಣಕ್ಕಿದ್ದ ಮರೀನಾ ಅಗಲವಾಯಿತು, ಉತ್ತರದ ರಾಯಪುರಂ ಸವೆಯಿತು. ಒಬ್ಬರ ಸೈಟು ದೊಡ್ಡದಾದರೆ ಪಕ್ಕದವರದು ಚಿಕ್ಕದಾಗಲೇಬೇಕಲ್ಲ.

ಚಿಕ್ಕಪ್ಪನ ಪಾಲನ್ನು ಅವರಿಗೆ ತೋರಿಸಿಯೇಬಿಡೋಣ ಎಂದು ಪುದುಚೇರಿಗೆ ಕರೆದುಕೊಂಡು ಹೋದೆ. ಬಂಡೆಯ ಸಾಲು ಕಂಡೊಡನೆ, ‘ಟೇಕಲ್ಲು ಇಲ್ಲಿಗೂ ಬಂತಾ?’ ಎಂದರು. ಉತ್ತರದ ತುದಿಯಲ್ಲಿ ಈಗ ಒಂದಿಷ್ಟು ಮರಳ ದಡ ಮತ್ತೆ ಮೂಡಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ನೀರಿನಡಿ ಉಕ್ಕಿನ ದಿಬ್ಬ ಇಳಿಸಿದರು. ಬಂದರಿನ ಬಾಯಲ್ಲಿ ಕಟ್ಟಿಕೊಂಡಿದ್ದ ಹೂಳು ಮರಳನ್ನು ಎತ್ತಿ ಈಚೆ ಸುರಿದದ್ದೂ ಆಯಿತು. ಇದನ್ನೆಲ್ಲ ವಿವರಿಸಿದೆ. ‘ಸಮುದ್ರದಾಗೂ ಹೂಳೆತ್ತೋ ಬಿಲ್ಲು ಮಾಡ್ತಾರಾ!’ ಎಂದು ಅವರಿಗೆ ಹಿಗ್ಗೋ ಹಿಗ್ಗು.

ಆಮೇಲೆ ಪಂಚೆ ಎತ್ತಿ ಕಟ್ಟಿ, ಬಗ್ಗಿ ಹಿಡಿ ಮರಳು ತೆಗೆದುಕೊಂಡರು. ಅಂಗೈ ಮೇಲೆ ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ಹಿಡಿದು, ‘ಕಾಳು ನೋಡು, ನಮ್ದೇ’ ಎಂದರು. ಖಾತ್ರಿ ಮಾಡಿಕೊಳ್ಳಲೋ ಏನೋ, ಒಂದು ಚಿಟಿಕೆ ನಾಲಿಗೆಗೆ ಇಟ್ಟು ಥೂ ಎಂದು ಉಗಿದರು.

‘ಉಪ್ಪು ಕಣೋ. ಕಂಬಿ ತುಕ್ಕಿಡೀತದೆ, ಮನೆ ಕಟ್ಟಕ್ಕಾಗಲ್ಲ. ಅದಕ್ಕೇ ಇನ್ನೂ ಇಲ್ಲೇ ಐತೆ.’