ಎರಡು ಮಡಿ

ಸಿಸಿಐಇ ಲ್ಯಾಬ್ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾಗಿದ್ದು 2016ರಲ್ಲಿ. ಓದದೇ ಫೇಲಾದೆ ಅಂದುಕೊಳ್ಳಬೇಡಿ. ಹದಿನಾಲ್ಕು ತಿಂಗಳು ಬೆಳಗ್ಗೆ ನಾಲ್ಕೂವರೆಗೆ ಎದ್ದು ಓದಿದ್ದೆ. ಫೇಲಾಗಿದ್ದು ಒಂದೇ ಒಂದು ಟಿಕೆಟ್ ಮುಂದೆ ನಲವತ್ತು ನಿಮಿಷ ಕೂತಿದ್ದಕ್ಕೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಶನ್, 1993ರಿಂದ ನಡೆದುಕೊಂಡು ಬಂದಿದೆ. ಲಿಖಿತ ಪರೀಕ್ಷೆ ಪಾಸಾದ ಮೇಲೆ ಎಂಟು ಗಂಟೆಯ ಲ್ಯಾಬ್. ಎ, ಬಿ, ಸಿ, ಡಿ ನೋಡಿ ಟಿಕ್ ಹಾಕಿ ಬರುವ ಪರೀಕ್ಷೆ ಅಲ್ಲ ಇದು. ರೂಟರು, ಸ್ವಿಚ್ಚುಗಳ ಒಂದು ದೊಡ್ಡ ಜಾಲ ಕೊಟ್ಟು, ಇದನ್ನು ಕಟ್ಟು, ಕೆಟ್ಟಿರೋದನ್ನು ರಿಪೇರಿ ಮಾಡು ಅಂತಾರೆ. ನಾನು ಬರೆದ ರೂಟಿಂಗ್ ಅಂಡ್ ಸ್ವಿಚಿಂಗ್ ಐದನೇ ಆವೃತ್ತಿಯಲ್ಲಿ ಮೊದಲ ಎರಡು ಗಂಟೆ ಟ್ರಬಲ್‌ಶೂಟಿಂಗ್, ಆಮೇಲೆ ಅರ್ಧ ಗಂಟೆ ಡಯಾಗ್ನೋಸ್ಟಿಕ್, ಉಳಿದ ಐದೂವರೆ ಗಂಟೆ ಕಾನ್ಫಿಗರೇಶನ್. ಟ್ರಬಲ್‌ಶೂಟಿಂಗಿಗೆ ಎರಡು ಗಂಟೆ ಸಾಲದಿದ್ದರೆ ಅರ್ಧ ಗಂಟೆ ಸಾಲ ಸಿಗುತ್ತದೆ, ಆದರೆ ಅದನ್ನು ಕಾನ್ಫಿಗರೇಶನ್ ಸಮಯದಲ್ಲಿ ಮುರಿದುಕೊಳ್ಳುತ್ತಾರೆ. ಒಂದು ವಿಭಾಗ ದಾಟಿದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಪ್ರತಿ ವಿಭಾಗದಲ್ಲೂ ಕನಿಷ್ಠ ಅಂಕ ಬರಬೇಕು, ಒಟ್ಟು ಸೇರಿಸಿಯೂ ಪಾಸಾಗಬೇಕು. ಅರ್ಧ ಸರಿ ಮಾಡಿದರೆ ಅರ್ಧ ಮಾರ್ಕು ಅನ್ನೋ ದಯೆ ದಾಕ್ಷಿಣ್ಯ ಇಲ್ಲ. 2020ರಲ್ಲಿ ಇದೆಲ್ಲ ಬದಲಾಗಿ ಮೂರು ಗಂಟೆ ಡಿಸೈನ್, ಐದು ಗಂಟೆ ಉಳಿದದ್ದು ಅಂತ ಆಗಿದೆ. ಆದರೆ ಗಡಿಯಾರ ಅದೇ, ಎಂಟು ಗಂಟೆ.

ಆಗ ಫೀಸು 1600 ಡಾಲರ್ ಇತ್ತು. ಆಗಿನ ಲೆಕ್ಕದಲ್ಲಿ ಒಂದು ಲಕ್ಷ ದಾಟುತ್ತಿತ್ತು. ಪಾಸಾದರೆ ಮಾತ್ರ ನಮ್ಮ ಆಫೀಸು ದುಡ್ಡು ವಾಪಸ್ ಕೊಡುತ್ತಿತ್ತು. ಅದೇ ವರ್ಷ ಊರಲ್ಲಿ ಅಪ್ಪನ ಬೋರು ನಿಂತುಹೋಗಿತ್ತು. ಚಳ್ಳಕೆರೆ ಕಡೆಯವರಿಗೆ ಬೋರು ನಿಲ್ಲುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ‘ಈ ಪರೀಕ್ಷೆ ಒಂದು ಆಗಿಬಿಡ್ಲಿ, ಆಮೇಲೆ ನಾನೇ ಕೊಡ್ತೀನಿ’ ಅಂದಿದ್ದೆ. ಅಪ್ಪ ‘ಆಯ್ತು’ ಅಂದಿದ್ದ. ಆ ‘ಆಯ್ತು’ ಪರೀಕ್ಷೆಯ ದಿನ ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕ್ಯಾಬ್ ಒಳಗೆ ನನ್ನ ಪಕ್ಕದಲ್ಲೇ ಕೂತಿತ್ತು.

ಈಗ ಆ ನಲವತ್ತು ನಿಮಿಷದ ಕಥೆ. ಪ್ರಶ್ನೆ ಏನು ಅಂತ ಹೇಳುವಂತಿಲ್ಲ, ಎನ್‌ಡಿಎ ಇದೆ. ಎರಡು ಗಂಟೆಗೆ ಹತ್ತು ಟಿಕೆಟ್ ಅಂತ ಇಟ್ಟುಕೊಳ್ಳಿ, ಒಂದಕ್ಕೆ ಹನ್ನೆರಡು ನಿಮಿಷ ಸಿಗುತ್ತದೆ. ಈ ಭಾಗಾಕಾರ ನಮ್ಮೂರ ನಾಲ್ಕನೇ ಕ್ಲಾಸಿನ ಹುಡುಗನೂ ಮಾಡ್ತಾನೆ. ಮೂರನೇ ಟಿಕೆಟ್ಟಿಗೆ ಬಂದಾಗ ಹನ್ನೆರಡು ನಿಮಿಷ ಆಯಿತು, ನೋಡಿದೆ. ‘ಇನ್ನೇನು ಸಿಕ್ಕಿಬಿಡ್ತು, ಇನ್ನು ಎರಡೇ ನಿಮಿಷ’ ಅಂದುಕೊಂಡೆ. ಇಪ್ಪತ್ತಾಯಿತು. ಇಪ್ಪತ್ತು ಹಾಕಿದ ಮೇಲೆ ಬಿಟ್ಟು ಹೋಗುವುದು ಹೇಗೆ? ಹಾಕಿದ್ದು ದಂಡ ಅಲ್ವಾ? ಹಾಗಾಗಿ ಇನ್ನಷ್ಟು ಹಾಕಿದೆ. ಒಣಗಿದ ಬೋರನ್ನು ಇನ್ನೂ ನೂರು ಅಡಿ, ಇನ್ನೂ ನೂರು ಅಡಿ ಅಂತ ಕೊರೆಸುವವರ ಬುದ್ಧಿ ಇದೇ. ನಮ್ಮ ಕಡೆ ಅದರಲ್ಲೇ ಮನೆ ಮುಳುಗಿಸಿಕೊಂಡವರಿದ್ದಾರೆ. ಅವರನ್ನು ನೋಡಿಕೊಂಡೇ ಬೆಳೆದವನು ನಾನು, ಎಸಿ ರೂಮಿನಲ್ಲಿ ಕೂತು ಅದನ್ನೇ ಮಾಡಿದೆ.

ನಲವತ್ತನೇ ನಿಮಿಷಕ್ಕೆ ಸಿಕ್ಕಿತು. ನಂಬಿ, ಖುಷಿಯಾಯಿತು! ಆ ಖುಷಿಯಲ್ಲಿ ಗಡಿಯಾರ ನೋಡಿದವನಿಗೆ ಉಳಿದ ಏಳು ಟಿಕೆಟ್ಟುಗಳು ಕಾಣಿಸಿದವು. ಅರ್ಧ ಗಂಟೆ ಸಾಲ ತೆಗೆದುಕೊಂಡೆ. ಕೈ ನಡುಗಿ ‘ನೋ’ ಅಂತ ಹೊಡೆಯಬಾರದ ಕಡೆ ಹೊಡೆದು ಸರಿಯಾಗಿದ್ದ ಇಂಟರ್‌ಫೇಸಿನ ಐಪಿ ಅಳಿಸಿದೆ. ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ಹೊರಗೆ ಬಂದಾಗ ಫಲಿತಾಂಶಕ್ಕೆ ಕಾಯುವ ಅಗತ್ಯವೇ ಇರಲಿಲ್ಲ.

ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಬೋರು ಕೊರೆಸಿದ. ಒಂದೂವರೆ ಇಂಚು ನೀರು ಬಿತ್ತು. ನಾನು ಊರಿಗೆ ಹೋದಾಗ ಈರುಳ್ಳಿ ಇತ್ತು ಹೊಲದಲ್ಲಿ, ಆ ವಾರ ತ್ರೀಫೇಸ್ ಕರೆಂಟು ರಾತ್ರಿ ಪಾಳಿ. ಹತ್ತಕ್ಕೆ ಬಂದರೆ ಎರಡಕ್ಕೆ ಹೋಗುತ್ತಿತ್ತು. ಟಾರ್ಚ್ ಹಿಡಿಯೋಕೆ ನಾನೂ ಹೋದೆ. ಅಪ್ಪ ಸನಿಕೆ ಹಿಡಿದು ಒಂದು ಮಡಿಯ ಬಾಯಿ ಕಡಿದು, ನೀರು ಮುಕ್ಕಾಲು ಮಡಿ ಮುಟ್ಟುತ್ತಿದ್ದ ಹಾಗೇ ಮುಚ್ಚಿ ಮುಂದಿನದಕ್ಕೆ ತಿರುಗಿಸುತ್ತಿದ್ದ. ‘ಇನ್ನೂ ಆ ಕಡೆ ಮೂಲೆ ಮುಟ್ಟಿಲ್ಲ’ ಅಂದೆ. ‘ಇಳಿಜಾರಲ್ಲಿ ತಾನೇ ಹೋಗ್ತದೆ, ನಿಂತು ನೋಡಿದ್ರೆ ಕರೆಂಟು ಹೋಗ್ತದೆ’ ಅಂದ. ಒಂದು ಗಂಟೆ ಸುಮಾರಿಗೆ ಆಕಾಶ ನೋಡಿದನೋ, ಮೋಟರ್ ಸದ್ದು ಕೇಳಿಸಿಕೊಂಡನೋ, ಬೇಲಿ ಪಕ್ಕದ ಎರಡು ಮಡಿ ಬಿಟ್ಟು ಆಚೆ ದಾಟಿದ.

‘ಅವೆರಡು?’

‘ಅಲ್ಲಿ ಸುಣ್ಣಗಲ್ಲು, ನೀರು ಕುಡಿಯೋದೇ ಜಾಸ್ತಿ. ಅವಕ್ಕೆ ಹಾಕಿದ್ರೆ ಇವು ನಾಲ್ಕು ಹೋಗ್ತವೆ.’

‘ಒಣಗಲ್ವಾ?’

‘ಒಣಗ್ತವೆ.’

ಇಷ್ಟೇ ಅಂದದ್ದು. ಮುಖ ಕಾಣಿಸಲಿಲ್ಲ, ಟಾರ್ಚು ಕಾಲುವೆ ಮೇಲಿತ್ತು. ಆ ಎರಡು ಮಡಿಗೂ ಸಸಿ ನೆಟ್ಟವನು, ಕಳೆ ತೆಗೆದವನು ಅವನೇ. ನಾನಾಗಿದ್ದರೆ ಅಲ್ಲೇ ನಿಂತಿರುತ್ತಿದ್ದೆ.

ಬೆಂಗಳೂರಿಗೆ ಬಂದವನು ಹೊಸದಾಗಿ ಓದೋಕೆ ಹೋಗಲಿಲ್ಲ. ಬಿಟ್ಟು ಏಳುವುದನ್ನು ಪ್ರಾಕ್ಟೀಸ್ ಮಾಡಿದೆ. ತಮಾಷೆ ಅನ್ನಿಸಬಹುದು. ಅಡುಗೆಮನೆಯ ಟೈಮರ್ ತಂದಿಟ್ಟುಕೊಂಡು, ಹನ್ನೆರಡು ನಿಮಿಷಕ್ಕೆ ಅದು ಕಿರುಚಿದರೆ ಬೆರಳು ಕೀಬೋರ್ಡಿನಿಂದ ಎತ್ತಲೇಬೇಕು ಅಂತ ಹೆಂಡತಿಗೆ ಮಾತು ಕೊಟ್ಟೆ. ಮೊದಲ ವಾರ ಅವಳಿಗೆ ಗೊತ್ತಾಗದ ಹಾಗೆ ಟೈಮರ್ ಆಫ್ ಮಾಡಿದ್ದೂ ಉಂಟು. ಒಂದು ದಿನ ಮನೆಯ ಲ್ಯಾಬಿನಲ್ಲಿ ಇಐಜಿಆರ್‌ಪಿ ಅಥೆಂಟಿಕೇಶನ್ ಏನು ಮಾಡಿದರೂ ಕೂಡಿಕೊಳ್ಳಲಿಲ್ಲ. ಎರಡೂ ಕಡೆ ಕೀ ಒಂದೇ, ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ಒಂದೇ. ಟೈಮರ್ ಕಿರುಚಿತು, ಬೈದುಕೊಂಡು ಬಿಟ್ಟೆ. ಎರಡು ಗಂಟೆ ಬಿಟ್ಟು ಬಂದು ‘ಶೋ ಕೀ ಚೈನ್’ ಹೊಡೆದರೆ ಉದ್ಧರಣ ಚಿಹ್ನೆಯ ಒಳಗೆ ಪಾಸ್‌ವರ್ಡಿನ ಬಾಲಕ್ಕೆ ಒಂದು ಖಾಲಿ ಜಾಗ ಅಂಟಿಕೊಂಡಿತ್ತು. ಮೂವತ್ತು ಸೆಕೆಂಡಿನ ಕೆಲಸ. ಅದೇ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದರೆ ಮಧ್ಯಾಹ್ನದವರೆಗೂ ಕಾಣುತ್ತಿರಲಿಲ್ಲ ಅಂತ ನನಗೆ ಖಾತ್ರಿ.

ಮಿಕ್ಕ ಉಪಾಯಗಳು ಎಲ್ಲರೂ ಹೇಳುವಂಥವೇ. ಕಾನ್ಫಿಗರೇಶನ್ ವಿಭಾಗದಲ್ಲಿ ಕೈ ಹಾಕುವ ಮೊದಲು ಪೂರ್ತಿ ಓದುವುದು, ಯಾಕೆಂದರೆ ಮೊದಲ ಪುಟದಲ್ಲಿ ಕಟ್ಟಿದ್ದನ್ನು ಕೊನೆಯ ಪುಟದ ಒಂದು ಸಾಲು ಕೆಡವಿಸುತ್ತದೆ. ಹಾಳೆಯ ಮೇಲೆ ಪ್ರಶ್ನೆ ಸಂಖ್ಯೆ, ಅಂಕ, ಮಾಡಿದೆ, ಪರೀಕ್ಷಿಸಿದೆ ಅಂತ ನಾಲ್ಕು ಕಾಲಂ. ಲೇಯರ್ ಎರಡು ಮೊದಲು, ಬುನಾದಿ ಅಲ್ಲಾಡಿದರೆ ಮೇಲಿನ ಓಎಸ್‌ಪಿಎಫ್, ಬಿಜಿಪಿ ಎಲ್ಲ ಸುಳ್ಳು. ಒಂದೇ ಥರದ ಕಮಾಂಡುಗಳನ್ನು ನೋಟ್‌ಪ್ಯಾಡಿನಲ್ಲಿ ಬರೆದು ನಾಲ್ಕಾರು ರೂಟರಿಗೆ ಒಟ್ಟಿಗೆ ಅಂಟಿಸುವುದು. ಆಗಾಗ ಸೇವ್. ಓಎಸ್‌ಪಿಎಫ್ ನೆರೆಯವನು ಎಕ್ಸ್‌ಸ್ಟಾರ್ಟ್‌ನಲ್ಲಿ ಸಿಕ್ಕಿಕೊಂಡಿದ್ದರೆ ಮೊದಲು ಎರಡೂ ಕಡೆ ಎಂಟಿಯು ನೋಡುವುದು. ಇಂಥ ನಲವತ್ತು ಲಕ್ಷಣಗಳ ಪಟ್ಟಿ ಬಾಯಿಪಾಠ ಇದ್ದರೆ ಯೋಚನೆಯ ಸಮಯ ಉಳಿಯುತ್ತದೆ.

ಎರಡನೇ ಸಲ ಕೂತಿದ್ದು 2017ರಲ್ಲಿ. ನಾಲ್ಕನೇ ಟಿಕೆಟ್ ಸಿಗಲಿಲ್ಲ. ಹನ್ನೆರಡಾಯಿತು. ಎದೆ ಢವಢವ ಅಂದರೂ ಹಾಳೆಯಲ್ಲಿ ಅಡ್ಡಗೆರೆ ಎಳೆದು ಮುಂದಕ್ಕೆ ಹೋದೆ. ಏಳನೆಯದನ್ನೂ ಬಿಟ್ಟೆ. ಕೊನೆಗೆ ಹತ್ತು ನಿಮಿಷ ಉಳಿಯಿತು, ವಾಪಸ್ ಹೋಗಿ ಎರಡನ್ನೂ ನೋಡಿದೆ, ಆಗಲೂ ಸಿಗಲಿಲ್ಲ. ಸಿನಿಮಾದ ಹಾಗೆ ಕೊನೇ ನಿಮಿಷದಲ್ಲಿ ಮಿಂಚು ಹೊಡೆಯಲಿಲ್ಲ. ಆ ಎರಡೂ ಹಾಗೇ ಹೋದವು. ಆದರೆ ಸಾಲ ತೆಗೆಯದೆ ಐದೂವರೆ ಗಂಟೆ ಪೂರ್ತಿ ಕೈಗೆ ಬಂತು. ಕೊನೆಯ ಮುಕ್ಕಾಲು ಗಂಟೆ ಬರೀ ಪರೀಕ್ಷಿಸಲು ಇಟ್ಟುಕೊಂಡಿದ್ದೆ. ಬೆಳಗ್ಗೆ ಸರಿಯಾಗಿ ಓಡುತ್ತಿದ್ದ ಒಂದನ್ನು ಮಧ್ಯಾಹ್ನ ನಾನೇ ಕೆಡಿಸಿಟ್ಟಿದ್ದು ಆಗ ಸಿಕ್ಕಿತು. ಸರಿಪಡಿಸಿದೆ.

ಮಾರನೇ ದಿನ ರಾತ್ರಿ ಮೇಲ್ ಬಂತು. ಪಾಸ್. ಹೆಂಡತಿ ನಿದ್ದೆಗಣ್ಣಲ್ಲೇ ಟೈಮರ್ ತಂದು ನನ್ನ ಕೈಗಿಟ್ಟು ನಕ್ಕಳು. ಅಪ್ಪನಿಗೆ ಫೋನ್ ಮಾಡಿದೆ.

‘ಎಲ್ಲಾ ಬರೆದ್ಯಾ?’ ಅಂದ.

‘ಇಲ್ಲ, ಎರಡು ಬಿಟ್ಟೆ.’

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಎಷ್ಟು ಹೊತ್ತಿಗೆ ಬಿಟ್ಟೆ?’

‘ಹನ್ನೆರಡು ನಿಮಿಷಕ್ಕೆ.’

‘ಹೂಂ’ ಅಂದ. ಹಿಂದೆ ಮೋಟರ್ ಸ್ಟಾರ್ಟ್ ಆದ ಸದ್ದು ಕೇಳಿಸಿತು. ‘ಕರೆಂಟ್ ಬಂತು, ಇಡ್ತೀನಿ.’