ಬೆಳಕಿಗೆ ವಾಚಿಲ್ಲ

ಡಿಸೆಂಬರಿನ ಮೊದಲ ವಾರ. ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ರಾತ್ರಿ ಎಂಟಕ್ಕೆ ಕರೆಂಟು ಹೋಯ್ತು. ಅದೇನು ವಿಶೇಷ ಅಲ್ಲ. ವಿಶೇಷ ಅಂದ್ರೆ, ಅಪ್ಪ ಟಾರ್ಚು ಹುಡುಕುವ ಬದಲು "ಬಾ ಅಂಗಳಕ್ಕೆ, ಒಂದು ತೋರಿಸ್ತೀನಿ" ಅಂದರು. ಒಣಗಲು ಹರವಿದ್ದ ಅಡಿಕೆಯ ಪಕ್ಕ ನಿಂತು, ಉತ್ತರಕ್ಕೆ ಎಂ ಅಕ್ಷರದ ಹಾಗೆ ಕಾಣುವ ಐದು ನಕ್ಷತ್ರ ತೋರಿಸಿದರು. ಅಲ್ಲಿಂದ ಬೆರಳು ಸ್ವಲ್ಪ ಮೇಲಕ್ಕೆ ಸರಿಯಿತು. ಹತ್ತಿ ಉಜ್ಜಿದ ಹಾಗೆ ಒಂದು ಮಸುಕು.

"ಆಂಡ್ರೊಮಿಡಾ ಗ್ಯಾಲಕ್ಸಿ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಎರಡು ವರ್ಷದಿಂದ ನಂಗೆ ಕಂಡೇ ಇರಲಿಲ್ಲ, ಈಗ ಕಾಣ್ತಿದೆ."

"ಈಗ ಹೇಗೆ ಕಾಣ್ತು?"

"ಆಗಸ್ಟಲ್ಲಿ ಪೊರೆ ತೆಗೆಸಿದೆನಲ್ಲ ಮಾರಾಯ. ಹೊಸ ಲೆನ್ಸು."

ನನಗೆ ಗೊತ್ತಿರಲಿಲ್ಲ. ಹಾಗನ್ನೋದೂ ಪೂರ್ತಿ ನಿಜವಲ್ಲ. ಜುಲೈಯಲ್ಲಿ ಫೋನ್ ಮಾಡಿದಾಗ "ಕಣ್ಣಿಗೆ ಏನೋ ಮಾಡಿಸ್ಬೇಕಂತೆ, ಬಿಡುವಿದ್ರೆ ಬಾ" ಅಂದಿದ್ದರು. "ಇದೊಂದು ರಿಲೀಸ್ ಮುಗೀಲಿ, ಬರ್ತೀನಿ" ಅಂದಿದ್ದೆ. ಅದು ಮುಗಿಯಿತು, ಇನ್ನೊಂದು ಶುರುವಾಯಿತು. ಆಮೇಲೆ ಅವರು ಆ ಮಾತು ಎತ್ತಲಿಲ್ಲ, ನಾನು ಕೇಳಲಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಪಕ್ಕದ ಮನೆಯವರಂತೆ.

ಮುಜುಗರ ಮುಚ್ಚಿಕೊಳ್ಳೋಕೆ, ಯಾವುದೋ ವಿಡಿಯೋದಲ್ಲಿ ಕೇಳಿದ್ದನ್ನು ಹೇಳಿದೆ. "ಆದ್ರೆ ಅಪ್ಪ, ಆ ಬೆಳಕಿಗೆ 25 ಲಕ್ಷ ವರ್ಷ ಅಂತ ಅನ್ನಿಸಿಯೇ ಇರಲ್ಲ. ಬೆಳಕಿಗೆ ಕಾಲವೇ ಇಲ್ಲ. ಹೊರಟ ಕ್ಷಣಾನೇ ತಲುಪಿದ ಹಾಗೆ."

35 ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟವರ ಮುಂದೆ ಇಂಥ ಡೈಲಾಗ್ ಹೊಡೆಯಬಾರದು.

"ಬೆಳಕು ಇರ್ಲಿ, ಮೊದಲು ನೀನು ಹೊರಡು" ಅಂದರು. ಬೆಳಕಿನ ವೇಗದ ಶೇಕಡಾ 99.5ರಲ್ಲಿ ಹೊರಟರೆ ನಮ್ಮ ಗಡಿಯಾರದಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಹೋಗುವವನ ಗಡಿಯಾರದಲ್ಲಿ ಒಂದೇ ವರ್ಷ. 99ರ ಮುಂದೆ ಚುಕ್ಕಿಯಿಟ್ಟು ಇನ್ನೂ ಎಂಟು ಒಂಬತ್ತು ಬರೆದರೆ, ಆ ವೇಗದಲ್ಲಿ ಆಂಡ್ರೊಮಿಡಾದಿಂದ ಇಲ್ಲಿಗೆ ಬರೋಕೆ ಸುಮಾರು 35 ವರ್ಷ. "ನನ್ನ ಸರ್ವೀಸಿನಷ್ಟು" ಅಂತ ನಕ್ಕರು. "ಹಾಗಂತ ನಿನ್ನ ವಾಚು ನಿಧಾನ ಆಯ್ತು ಅಂತ ನಿಂಗೆ ಗೊತ್ತಾಗಲ್ಲ. ನಿನ್ನ ಪಾಲಿಗೆ ದಾರಿಯೇ ಗಿಡ್ಡ ಆಗಿರುತ್ತೆ."

ಇದು ಬರೀ ಲೆಕ್ಕವಲ್ಲ. ಬಾಹ್ಯಾಕಾಶದಿಂದ ಬರುವ ಕಣಗಳು ವಾತಾವರಣಕ್ಕೆ ಬಡಿದಾಗ, ಸುಮಾರು 15 ಕಿಲೋಮೀಟರ್ ಮೇಲೆ ಮ್ಯೂಯಾನ್ ಅನ್ನೋ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯಸ್ಸು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಅಷ್ಟರಲ್ಲಿ ಬೆಳಕೇ ಓಡಿದರೂ 660 ಮೀಟರ್ ದಾಟಲ್ಲ. ಆದರೂ ಅವು ನೆಲ ಮುಟ್ಟುತ್ತವೆ. ನಾವು ಅಂಗಳದಲ್ಲಿ ನಿಂತಿದ್ದಾಗಲೂ ನಮ್ಮನ್ನು ತೂರಿಕೊಂಡು ಹೋಗ್ತಾ ಇದ್ದವು. ನಮಗೆ ಕಾಣೋದು ಅವುಗಳ ಆಯಸ್ಸು ಹಿಗ್ಗಿದ ಹಾಗೆ. ಅವುಗಳ ಲೆಕ್ಕದಲ್ಲಿ ಕುಗ್ಗಿದ್ದು ದಾರಿ.

"ಹಾಗಾದ್ರೆ ಪೂರ್ತಿ ಬೆಳಕಿನ ವೇಗಕ್ಕೆ ಹೋದ್ರೆ ಸೊನ್ನೆ ತಾನೇ?" ನಾನು ಬಿಡಲಿಲ್ಲ.

"ಸೂತ್ರ ಸೊನ್ನೆ ಅನ್ನುತ್ತೆ, ಸರಿ. ಆದ್ರೆ ಆ ಸೊನ್ನೆಯನ್ನ ನೋಡೋಕೆ ಯಾರೂ ಇಲ್ಲ." ಹದಿನಾರರ ಹುಡುಗ ಐನ್‌ಸ್ಟೈನ್ ಬೆಳಕಿನ ಬೆನ್ನು ಹತ್ತಿ ಅದೇ ವೇಗದಲ್ಲಿ ಓಡಿದರೆ ಏನು ಕಂಡೀತು ಅಂತ ಯೋಚಿಸಿದ್ದನಂತೆ. ಜೊತೆಗೇ ಓಡುವವನಿಗೆ ಬೆಳಕು ನಿಂತ ಹಾಗೆ ಕಾಣಬೇಕು. ಆದರೆ ಅವನೇ 1905ರಲ್ಲಿ ಬರೆದ ಸಿದ್ಧಾಂತದ ಬುಡದಲ್ಲಿರೋ ಮಾತು, ಬೆಳಕಿನ ವೇಗ ಎಲ್ಲರಿಗೂ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಅಂತ. ನಿಂತ ಬೆಳಕು ಯಾರಿಗೂ ಕಾಣಲ್ಲ. ಅಂದಮೇಲೆ ಬೆಳಕಿನ ಮೇಲೆ ಕೂತು ನೋಡೋ ಜಾಗವೇ ಇಲ್ಲ. "ಬೆಳಕಿಗೆ ಹೇಗನ್ನಿಸುತ್ತೆ ಅನ್ನೋ ಪ್ರಶ್ನೆಯೇ ನಿಲ್ಲಲ್ಲ. ಅದರ ವಾಚು ನಿಂತುಹೋಗಿಲ್ಲ ಮಾರಾಯ, ಅದಕ್ಕೆ ವಾಚೇ ಇಲ್ಲ. ದ್ರವ್ಯರಾಶಿ ಇರೋದು ಯಾವುದೂ ಆ ವೇಗ ಮುಟ್ಟಲ್ಲ. ನಿಂಗೂ ನಂಗೂ ವಾಚು ತಪ್ಪಿದ್ದಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಹೋದ ಸಲ ನೀನು ಬಂದಿದ್ದು ಯಾವಾಗ?"

"ಮೊನ್ನೆ ಮೊನ್ನೆ... ಸಂಕ್ರಾಂತಿಗೆ."

ಹೇಳುವಾಗಲೇ ಎಣಿಸಿದೆ. ಹನ್ನೊಂದು ತಿಂಗಳು. ನನಗೆ ನಿಜಕ್ಕೂ ಮೊನ್ನೆ ಅನ್ನಿಸಿತ್ತು. ಮೀಟಿಂಗು, ಟ್ರಾಫಿಕ್ಕು, ತಿಂಗಳ ಇಎಂಐ; ವೇಗವಾಗಿ ಓಡುವವನಿಗೆ ಕಾಲ ಕುಗ್ಗುತ್ತೆ ಅಂತ ಒಂದು ಸ್ಟೇಟಸ್ ಹಾಕಬಹುದಿತ್ತು. ಆದರೆ ಸಾಪೇಕ್ಷತಾ ಸಿದ್ಧಾಂತ ನನ್ನ ಪರ ಸಾಕ್ಷಿ ಹೇಳಲ್ಲ. ನಾನು ಬಂದ ಸ್ಲೀಪರ್ ಬಸ್ಸಿನ ವೇಗಕ್ಕೆ ಇಡೀ ರಾತ್ರಿಯಲ್ಲಿ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟೂ ವ್ಯತ್ಯಾಸ ಆಗಲ್ಲ. ಅಪ್ಪನ ಹನ್ನೊಂದು ತಿಂಗಳೂ ನನ್ನ ಹನ್ನೊಂದು ತಿಂಗಳೂ ಗಡಿಯಾರದ ಪ್ರಕಾರ ಒಂದೇ. ಅವರು ಅಷ್ಟನ್ನೂ ದಿನ ದಿನ ಎಣಿಸಿದ್ದರು. ನಾನು ಎಣಿಸಿರಲಿಲ್ಲ, ಅಷ್ಟೇ.

"ಆಪರೇಷನ್‌ಗೆ ಬರಬೇಕಿತ್ತು ಅಪ್ಪ" ಅಂದೆ.

"ಹ್ಞೂಂ, ಬರಬೇಕಿತ್ತು" ಅಂದರು. ಪರವಾಗಿಲ್ಲ ಅಂತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

ಕರೆಂಟು ಬಂತು. ಅಂಗಳದ ಬಲ್ಬು ಹತ್ತಿಕೊಂಡು ಆಂಡ್ರೊಮಿಡಾ ಮಾಯವಾಯಿತು. ಅಪ್ಪ ಒಳಗೆ ಹೋಗ್ತಾ ಹೇಳಿದರು: "ಇನ್ನೊಂದು ಕಣ್ಣಿನದು ಫೆಬ್ರವರೀಲಿ."

"ಯಾವ ತಾರೀಖು?" ಅಂತ ಕೇಳಿದೆ.